ಗಿಡ ನೆಡುವುದಕ್ಕೂ ಪರವಾನಗಿ ಬೇಕೆ?

ಮಾನ್ಯರೆ,

ತಮ್ಮ ದೀರ್ಘ ಪತ್ರ ತಲುಪಿದೆ. ಮುಂಬಯಿಯ ಪೂರ್ವ ಉಪನಗರದ ತಮ್ಮ ಹೌಸಿಂಗ್ ಸೊಸೈಟಿಯ ಕನ್ನಡಿಗ ಸದಸ್ಯರು ಸೇರಿ ಕಳೆದ ಮಳೆಗಾಲದ ಆರಂಭದಲ್ಲಿ ಗೇಟಿನ ಹೊರಗಿನ ಫುಟ್‌ಪಾತಿನಲ್ಲಿ ಬೇವು, ಹಲಸು, ಸಂಪಿಗೆ, ತೆಂಗಿನ ಸಸಿಗಳನ್ನು ನೆಟ್ಟದ್ದು, ಕೆಲವೇ ದಿನಗಳಲ್ಲಿ ಅವು ಅನಧಿಕೃತವೆಂದು ಕೀಳಿಸಿಕೊಂಡದ್ದು, ಅದೇ ಸಾಲಿನ ಹಳೆಯ ಮಳೆಮರದ ಬುಡಕ್ಕೆ ರಸ್ತೆಯ ಗುತ್ತಿಗೆದಾರನೊಬ್ಬ ಕಾಂಡಕ್ಕೆ ತಾಗುವಂತೆ ಕಾಂಕ್ರೀಟು ಸುರಿದುಹೋದಾಗ ಮಾತ್ರ ಯಾರೂ ಚಕಾರ ಎತ್ತದಿದ್ದುದು, ಇವು ತಮ್ಮ ದೂರಿನ ಸಾರ. ಊರಿನಲ್ಲಿ ಯಾರನ್ನೂ ಕೇಳದೆ ನೆಡುತ್ತಿದ್ದೆವು, ಇಲ್ಲಿ ನೆಡುವುದಕ್ಕೂ ಕೊಂಬೆ ಸವರುವುದಕ್ಕೂ ಕಾಗದ ಹಿಡಿದು ಅಲೆಯಬೇಕು, ಇದು ಮರ ಉಳಿಸುವ ಕಾನೂನೋ ಮರ ನೆಡುವವರನ್ನು ಓಡಿಸುವ ಕಾನೂನೋ ಎಂದು ಕೇಳಿದ್ದೀರಿ. ಪತ್ರದ ಮೊದಲ ಅರ್ಧವನ್ನು ನಾವು ಒಪ್ಪಲಾರೆವು. ಎರಡನೆಯ ಅರ್ಧವನ್ನು ಒಪ್ಪುವುದಷ್ಟೇ ಅಲ್ಲ, ತಾವು ಅಲ್ಲಿ ಇನ್ನಷ್ಟು ಗಟ್ಟಿಯಾಗಿ ಮಾತನಾಡಬೇಕಿತ್ತು ಎಂದೂ ನಮಗೆ ಅನ್ನಿಸಿದೆ.

ಮೊದಲು ನೆಡುವ ವಿಚಾರ. ನಮ್ಮ ನಗರಗಳಿಗೆ ಅನ್ವಯಿಸುವುದು ಮಹಾರಾಷ್ಟ್ರದ 1975ರ ನಗರ ಪ್ರದೇಶಗಳ ವೃಕ್ಷ ಸಂರಕ್ಷಣಾ ಕಾಯ್ದೆ. ಅದರಲ್ಲಿ ಗಿಡ ನೆಡುವುದನ್ನು ಅಪರಾಧವೆನ್ನುವ ಕಲಮು ಇಲ್ಲ. ತಮ್ಮ ಸಸಿಗಳನ್ನು ಕಿತ್ತದ್ದು ಆ ಕಾಯ್ದೆಯಿಂದಲ್ಲ, ಫುಟ್‌ಪಾತು ಸೊಸೈಟಿಯದಲ್ಲ ಎಂಬ ಸರಳ ಕಾರಣದಿಂದ. ಅದರ ಕೆಳಗೆ ಮಳೆನೀರಿನ ಚರಂಡಿ, ನೀರಿನ ಪೈಪು, ಅಡುಗೆ ಅನಿಲದ ಪೈಪು, ವಿದ್ಯುತ್ತಿನ ಮತ್ತು ಟೆಲಿಫೋನಿನ ಕೇಬಲ್ಲುಗಳು ಒಂದರ ಮೇಲೊಂದು ಹಾದುಹೋಗಿವೆ. ಎಲ್ಲಿ ಅಗೆಯಬಹುದು, ಎಲ್ಲಿ ಕೂಡದು ಎಂಬುದು ಮೇಲೆ ನಿಂತು ನೋಡುವವರಿಗೆ ತಿಳಿಯುವಂಥದ್ದಲ್ಲ. ಎಲ್ಲಿ ಯಾವ ಜಾತಿಯ ಮರ, ಎಷ್ಟು ಮರ ಎಂಬುದನ್ನು ಗೊತ್ತುಪಡಿಸುವ ಕೆಲಸವನ್ನು ಕಾಯ್ದೆಯೇ ವೃಕ್ಷ ಪ್ರಾಧಿಕಾರಕ್ಕೆ ವಹಿಸಿದೆ. ಪಾಲಿಕೆಯ ಆಯುಕ್ತರೇ ಅದರ ಅಧ್ಯಕ್ಷರು.

ತಮ್ಮ ಆಯ್ಕೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಹಲಸು ನಮ್ಮ ಕರಾವಳಿಯವರ ಮೋಹ, ಅದು ನಮಗೂ ಗೊತ್ತು; ಆದರೆ ಹತ್ತು ಹದಿನೈದು ಕಿಲೋ ತೂಗುವ ಹಣ್ಣು ಶಾಲೆಯ ಮಕ್ಕಳು ಓಡಾಡುವ ಫುಟ್‌ಪಾತಿನ ಮೇಲೆ ತೂಗಾಡುವುದನ್ನು ಯಾವ ಅಧಿಕಾರಿಯೂ ಒಪ್ಪಲಾರ, ಒಪ್ಪಬಾರದು. ತೆಂಗಿನದೂ ಅಷ್ಟೇ. 2017ರ ಜುಲೈಯಲ್ಲಿ ಚೆಂಬೂರಿನಲ್ಲಿ ಬೆಳಗಿನ ನಡಿಗೆಗೆ ಹೊರಟಿದ್ದ ಮಹಿಳೆಯೊಬ್ಬರು ತೆಂಗಿನಮರ ಮೈಮೇಲೆ ಉರುಳಿ ತೀರಿಕೊಂಡದ್ದನ್ನು ಈ ಭಾಗದ ಓದುಗರು ಮರೆತಿರಲಾರರು. ರಸ್ತೆಬದಿಗೆ ಹೊಂಗೆ, ರೆಂಜೆ, ಕಕ್ಕೆ, ಹೊಳೆದಾಸವಾಳ ಇವು ಹೊಂದುತ್ತವೆ. ಕೊನೆಯದನ್ನು ಇಲ್ಲಿಯವರು ತಾಮಣ್ ಎನ್ನುತ್ತಾರೆ, ಅದರ ಹೂವು ಮಹಾರಾಷ್ಟ್ರದ ರಾಜ್ಯ ಪುಷ್ಪ. ತಾವು ಇದೇ ಸಸಿಗಳ ಪಟ್ಟಿ ಹಿಡಿದು ವಾರ್ಡ್ ಕಚೇರಿಯ ಉದ್ಯಾನ ವಿಭಾಗಕ್ಕೆ ಮೇ ತಿಂಗಳಲ್ಲೇ ಒಂದು ಅರ್ಜಿ ಕೊಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು.

ಊರಿನ ಮಾತು ಎತ್ತಿದ್ದೀರಿ. ಊರಿನಲ್ಲೂ ಮರಕ್ಕೆ ಕಾನೂನಿಲ್ಲ ಎಂದಲ್ಲ. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ತೆಂಗು, ನೀಲಗಿರಿ, ಸುಬಾಬುಲ್ ಮುಂತಾದವಕ್ಕೆ ಅದರಲ್ಲಿ ವಿನಾಯಿತಿ ಇರುವುದರಿಂದ ತೋಟದವರಿಗೆ ಕಾನೂನಿನ ಬಿಸಿ ಅಷ್ಟಾಗಿ ತಟ್ಟಿಲ್ಲ, ಅಷ್ಟೆ. ಗೋವೆಯ ನಮ್ಮ ಓದುಗರು ಈ ವಿಷಯದಲ್ಲಿ ಇನ್ನೂ ವಿಚಿತ್ರವಾದುದನ್ನು ಕಂಡಿದ್ದಾರೆ: ಅಲ್ಲಿ 1984ರ ಕಾಯ್ದೆಗೆ ತಿದ್ದುಪಡಿ ತಂದು 2016ರಲ್ಲಿ ತೆಂಗನ್ನು ಮರಗಳ ಲೆಕ್ಕದಿಂದಲೇ ಕೈಬಿಟ್ಟರು, ಜನ ಎದ್ದು ನಿಂತ ಮೇಲೆ 2017ರಲ್ಲಿ ಅದೇ ತೆಂಗನ್ನು ರಾಜ್ಯ ವೃಕ್ಷವೆಂದು ಘೋಷಿಸಿದರು.

ಇನ್ನು ತಮ್ಮ ಪತ್ರದ ನಿಜವಾದ ತಿರುಳಿಗೆ ಬರೋಣ. 1975ರ ಕಾಯ್ದೆಯ ಗಮನವೆಲ್ಲ ಕೊಡಲಿಯ ಮೇಲಿದೆ. ಮರ ಕಡಿಯಬೇಕೆಂದು ಅರ್ಜಿ ಬಂದರೆ ವೃಕ್ಷಾಧಿಕಾರಿ ಸ್ಥಳಕ್ಕೆ ಹೋಗಿ ನೋಡಬೇಕು, ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಮರಕ್ಕೇ ನೋಟಿಸು ಅಂಟಿಸಬೇಕು, ಆಕ್ಷೇಪಣೆಗೆ ಜನರಿಗೆ ಏಳು ದಿನ ಕೊಡಬೇಕು, ಅನುಮತಿ ಸಿಕ್ಕಿದ ಮೇಲೂ 15 ದಿನ ಕಳೆಯದೆ ಮರ ಮುಟ್ಟಬಾರದು. 2021ರ ತಿದ್ದುಪಡಿಯಿಂದ 50 ವರ್ಷ ದಾಟಿದ ಮರಗಳಿಗೆ ಪಾರಂಪರಿಕ ವೃಕ್ಷವೆಂಬ ಮನ್ನಣೆ ಬಂತು. ಕಡಿದ ಮರಕ್ಕೆ ಎಷ್ಟು ವರ್ಷವೋ ಅಷ್ಟು ಸಸಿ ನೆಡಬೇಕು, ಅವನ್ನು ಏಳು ವರ್ಷ ಸಾಕಬೇಕು ಎಂಬ ನಿಯಮವೂ ಬಂತು. ಮುಂಬಯಿಯ ಹಸಿರು ಪ್ರದೇಶವಾದ ಆರೆ ಕಾಲೊನಿಯಲ್ಲಿ ಮೆಟ್ರೊ ರೈಲಿನ ಶೆಡ್ಡಿಗಾಗಿ 2019ರ ಅಕ್ಟೋಬರಿನ ಒಂದು ರಾತ್ರಿ ಗರಗಸ ಸದ್ದು ಮಾಡಿ, ಮೂರನೆಯ ದಿನ ಸುಪ್ರೀಂ ಕೋರ್ಟು ತಡೆ ಕೊಡುವಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ನೆಲಕ್ಕುರುಳಿದ್ದವು. ಈ ಕಟ್ಟಳೆಗಳು ಎಷ್ಟಿದ್ದರೂ ಸಾಲದು ಎನ್ನುವವರ ಮಾತಿನಲ್ಲಿ ಹುರುಳಿದೆ.

ಆದರೆ ಮುಂಬಯಿಯ ರಸ್ತೆಬದಿಯ ಮರ ಸಾಯುವುದು ಹೆಚ್ಚಾಗಿ ಕೊಡಲಿಯಿಂದಲ್ಲ. 2018ರಲ್ಲಿ ಮುಗಿದ ಗಣತಿಯ ಪ್ರಕಾರ ನಗರದಲ್ಲಿ 29.75 ಲಕ್ಷ ಮರಗಳಿವೆ. ಐದು ವರ್ಷಕ್ಕೊಮ್ಮೆ ಎಣಿಸಬೇಕೆಂದು ಕಾಯ್ದೆ ಹೇಳುತ್ತದೆ. ಎಣಿಸಿದ ಮರಕ್ಕೆ ಉಸಿರಾಡಲು ಮಣ್ಣು ಉಳಿದಿದೆಯೇ ಎಂದು ನೋಡುವ ಶ್ರದ್ಧೆ ಎಣಿಕೆಯಷ್ಟು ಸುಲಭವಾಗಿ ಬರುವುದಿಲ್ಲ. ಮರವೊಂದರ ನೀರು, ಆಹಾರ ಹೀರುವ ಸಣ್ಣ ಬೇರುಗಳು ಬಹುಪಾಲು ನೆಲದ ಮೇಲ್ಭಾಗದ ಎರಡು ಅಡಿಯೊಳಗೇ ಹರಡಿಕೊಂಡಿರುತ್ತವೆ, ಕೊಂಬೆಗಳ ನೆರಳಿಗಿಂತಲೂ ಆಚೆಗೆ ಚಾಚಿರುತ್ತವೆ. ನೆಲವನ್ನು ಕಾಂಡದವರೆಗೆ ಮುಚ್ಚಿದರೆ ಅವಕ್ಕೆ ಗಾಳಿಯೂ ಇಲ್ಲ, ನೀರೂ ಇಲ್ಲ. ನಾಲ್ಕು ತಿಂಗಳಲ್ಲಿ 2,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಮರ ಬಾಯಾರಿ ನಿಲ್ಲುತ್ತದೆ. ಇದರ ಜೊತೆಗೆ ಕೇಬಲ್ಲಿಗಾಗಿಯೋ ಚರಂಡಿಗಾಗಿಯೋ ಒಂದು ಪಕ್ಕದಲ್ಲಿ ಕಾಲುವೆ ತೋಡಿ ದಪ್ಪ ಬೇರುಗಳನ್ನೇ ಕತ್ತರಿಸಿ ಮುಚ್ಚಿಬಿಟ್ಟರೆ, ಮೇಲಿನ ಹಸಿರು ಎರಡು ಮೂರು ವರ್ಷ ಹಾಗೆಯೇ ಇದ್ದು ಒಂದು ಜೂನ್ ತಿಂಗಳ ಗಾಳಿಗೆ ಮರ ಬುಡಸಮೇತ ಬೀಳುತ್ತದೆ. ಆಗ ಎಲ್ಲರೂ ಗಾಳಿಯನ್ನು ಬೈಯುತ್ತಾರೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಮುಂಬಯಿಯ ಪಕ್ಕದಿಂದ ಹಾದುಹೋದಾಗ ನೂರಾರು ಮರಗಳು ಉರುಳಿದವು. ಬಿದ್ದ ಮರಗಳ ಬುಡವನ್ನು ಬಗ್ಗಿ ನೋಡಿದವರಿಗೆ ಎಷ್ಟೋ ಕಡೆ ಬೇರಿನ ಮುದ್ದೆ ಕಾಂಕ್ರೀಟಿನ ಗುಂಡಿಯ ಅಳತೆಗೇ ಮೊಟಕಾಗಿದ್ದುದು ಕಾಣುವಂತಿತ್ತು.

ಇಲ್ಲಿ ತಮ್ಮ ಕೈಗೆ ಒಂದು ಬಲವಾದ ಆಧಾರವಿದೆ. ಕಾಯ್ದೆಯ ಪ್ರಕಾರ ಮರವನ್ನು ಕಡಿಯುವುದರಲ್ಲಿ ಸುಡುವುದೂ ಬೇರಾವುದೇ ಬಗೆಯಲ್ಲಿ ಹಾನಿ ಮಾಡುವುದೂ ಸೇರುತ್ತದೆ. ಬುಡಕ್ಕೆ ಕಾಂಕ್ರೀಟು ಸುರಿಯುವುದು, ಮೊಳೆ ಹೊಡೆದು ಫಲಕ ತೂಗುಹಾಕುವುದು, ಬುಡದಲ್ಲಿ ಕಸಕ್ಕೆ ಬೆಂಕಿ ಹಚ್ಚುವುದು, ಇವೆಲ್ಲ ಈ ಮಾತಿನೊಳಗೆ ಬರುತ್ತವೆ ಎಂದು ವಾದಿಸಲು ಧಾರಾಳವಾಗಿ ಅವಕಾಶವಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದಿಲ್ಲಿಯ ಪ್ರಕರಣದಲ್ಲಿ ಮರದ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ಆದೇಶಿಸಿತು. ದೇಶದ ಇತರ ನಗರಗಳ ನಾಗರಿಕರೂ ಅಂದಿನಿಂದ ಅದನ್ನೇ ಮುಂದಿಟ್ಟು ಕೇಳುತ್ತ ಬಂದಿದ್ದಾರೆ. ಮೊಳೆ ಕೀಳುವ ಕೆಲಸವನ್ನು ಪುಣೆ ಮತ್ತು ಮುಂಬಯಿಯ ಯುವಕರು ‘ಖಿಳೆಮುಕ್ತ ಝಾಡ್’ ಎಂಬ ಹೆಸರಿನಲ್ಲಿ ರಜಾದಿನಗಳಲ್ಲಿ ಮಾಡಿದ್ದಾರೆ. ನಗರದ ರಸ್ತೆಗಳನ್ನೆಲ್ಲ ಕಾಂಕ್ರೀಟು ಮಾಡುವ ಕಾಮಗಾರಿ ಕೆಲವು ವರ್ಷಗಳಿಂದ ಭರದಿಂದ ನಡೆದಿರುವಾಗ ಈ ಒಂದು ಮೀಟರಿನ ಮಾತು ಇನ್ನಷ್ಟು ತುರ್ತಿನದಾಗಿದೆ.

ಕೊಂಬೆ ಸವರುವ ಬಗ್ಗೆ ತಾವು ಒಂದೇ ವಾಕ್ಯ ಬರೆದಿದ್ದೀರಿ, ಆದರೆ ಅದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಸೊಸೈಟಿಯ ಕಂಪೌಂಡಿನೊಳಗಿನ ಮರವಾದರೂ ಸವರಲು ಅನುಮತಿ ಬೇಕು, ಖರ್ಚು ಸೊಸೈಟಿಯದು. ಇದು ಕಿರುಕುಳವೆಂದು ಸೆಕ್ರೆಟರಿಗಳು ಗೊಣಗುತ್ತಾರೆ. ಅನುಮತಿ ಸಿಕ್ಕಿದ ಮೇಲೆ ಏನಾಗುತ್ತದೆ ಎಂಬುದೇ ನಮಗೆ ಹೆಚ್ಚು ಕಳವಳದ ವಿಷಯ. ಕೂಲಿಯವರು ಏಣಿ ಹತ್ತಿ ಕಟ್ಟಡದ ಕಡೆಯ ಕೊಂಬೆಗಳನ್ನೆಲ್ಲ ಒಂದೇ ದಿನದಲ್ಲಿ ಬೋಳಿಸಿ ಇಳಿದರೆ ಮರದ ಭಾರವೆಲ್ಲ ರಸ್ತೆಯ ಕಡೆಗೆ ವಾಲುತ್ತದೆ, ಅದು ಬೀಳುವ ದಿಕ್ಕನ್ನು ನಾವೇ ಗೊತ್ತುಮಾಡಿದ ಹಾಗಾಗುತ್ತದೆ. ದಪ್ಪ ಕೊಂಬೆಯನ್ನು ತೆಗೆಯುವ ಕ್ರಮವೇ ಬೇರೆ. ಕಾಂಡದಿಂದ ಒಂದಡಿ ಈಚೆ ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ಯಬೇಕು. ಆಮೇಲೆ ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಕೊಯ್ದರೆ ಕೊಂಬೆ ತೊಗಟೆಯನ್ನು ಸಿಗಿದುಕೊಂಡು ಹೋಗದೆ ಕಳಚಿ ಬೀಳುತ್ತದೆ. ಕೊನೆಗೆ ಉಳಿದ ಮೋಟನ್ನು, ಕೊಂಬೆ ಕಾಂಡವನ್ನು ಸೇರುವಲ್ಲಿ ಬಳೆಯಂತೆ ಉಬ್ಬಿರುವ ಭಾಗಕ್ಕೆ ಗಾಯ ಮಾಡದೆ ಅದರ ಹೊರಗೆ ತೆಗೆಯಬೇಕು. ಆ ಉಬ್ಬು ಉಳಿದರೆ ಮರ ತಾನೇ ಗಾಯವನ್ನು ಸುತ್ತಲಿನಿಂದ ಮುಚ್ಚಿಕೊಳ್ಳುತ್ತದೆ. ಅದನ್ನೂ ಸೇರಿಸಿ ಕಾಂಡಕ್ಕೆ ಸಮತಟ್ಟಾಗಿ ಕೊಯ್ದರೆ, ಅಥವಾ ಮಚ್ಚಿನಿಂದ ಕೊಚ್ಚಿ ಸೀಳು ಮೋಟನ್ನು ಬಿಟ್ಟರೆ, ಅಲ್ಲಿ ನೀರಿಳಿದು ಶಿಲೀಂಧ್ರ ಹಿಡಿದು ಒಳಮರ ಕೊಳೆಯುತ್ತದೆ. ಮೇಲೆ ಬಣ್ಣ ಬಳಿಯುವುದರಿಂದ ಅದು ನಿಲ್ಲುವುದಿಲ್ಲ. ಗುತ್ತಿಗೆ ಕೊಡುವಾಗ ಸೊಸೈಟಿಯವರು ಈ ಮೂರು ಕೊಯ್ತದ ಕ್ರಮವನ್ನು ಕರಾರಿನಲ್ಲೇ ಬರೆಸಿಕೊಳ್ಳಬಹುದು, ಮತ್ತು ಅದು ಆಗುವಾಗ ಒಬ್ಬ ಸದಸ್ಯರಾದರೂ ಕೆಳಗೆ ನಿಂತಿರಬಹುದು.

ಈಗ ತಮ್ಮ ಮಳೆಮರಕ್ಕೆ ಏನು ಮಾಡಬೇಕು ಎಂಬುದು. ಕಾಂಕ್ರೀಟು ಕಾಂಡಕ್ಕೆ ತಾಗಿರುವುದು ಕಾಣುವಂತೆ, ಪಕ್ಕದಲ್ಲಿ ಅಳತೆಯ ಟೇಪು ಇಟ್ಟು ಫೋಟೊ ತೆಗೆದು, ಮರಕ್ಕೆ ಗಣತಿಯ ಸಂಖ್ಯೆ ಬರೆದಿದ್ದರೆ ಅದನ್ನೂ ಸೇರಿಸಿ, ವಾರ್ಡಿನ ಉದ್ಯಾನ ಅಧಿಕಾರಿಗೂ ರಸ್ತೆ ವಿಭಾಗಕ್ಕೂ ಲಿಖಿತ ದೂರು ಕೊಡಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ತಾವೇ ಹಾರೆ ಹಿಡಿದು ಒಡೆಯಲು ಹೋಗಬೇಡಿ. ಪೆಟ್ಟು ಬೇರಿಗೆ ಬೀಳುತ್ತದೆ, ಕೇಸು ತಮ್ಮ ಮೇಲೆ ಬೀಳುತ್ತದೆ. ಬುಡದಲ್ಲಿ ಬೀಸಣಿಗೆಯಾಕಾರದ ಗಟ್ಟಿ ಅಣಬೆ ಮೂಡಿದೆಯೇ, ಒಂದು ಪಕ್ಕದ ನೆಲ ಎದ್ದಂತಿದೆಯೇ ಎಂದು ನೋಡಿ. ಇದ್ದರೆ ದೂರಿನ ಮೊದಲ ಸಾಲಿನಲ್ಲೇ ಬರೆಯಿರಿ, ಅಂಥ ಮರವನ್ನು ಮಳೆಗೆ ಮುನ್ನ ಪರೀಕ್ಷಿಸದಿದ್ದರೆ ಅಪಾಯ. ಮರ ಬಾಗಿ ತುರ್ತು ಒದಗಿದರೆ ಪಾಲಿಕೆಯ ವಿಪತ್ತು ನಿರ್ವಹಣೆಯ 1916 ಸಂಖ್ಯೆಗೆ ಕರೆ ಮಾಡಿ. ಗುತ್ತಿಗೆದಾರನ ಹೆಸರನ್ನು ಪತ್ರಿಕೆಯಲ್ಲಿ ಹಾಕಬೇಕೆಂಬ ತಮ್ಮ ಕೋರಿಕೆಯನ್ನು ಮಾತ್ರ ನಡೆಸಿಕೊಡಲಾರೆವು. ಅವನ ಕಡೆಯ ಮಾತನ್ನು ನಾವು ಕೇಳಿಲ್ಲ.

ಕಿತ್ತುಹಾಕಿದ ಸಸಿಗಳಲ್ಲಿ ಬದುಕಿ ಉಳಿದವನ್ನು ಟೆರೇಸಿನ ಬಕೆಟ್ಟುಗಳಲ್ಲಿ ಇಟ್ಟಿರುವುದಾಗಿ ಬರೆದಿದ್ದೀರಿ. ಬಕೆಟ್ಟಿನಲ್ಲಿ ಬೇರು ಸುತ್ತಿಕೊಳ್ಳತೊಡಗಿದರೆ ಮುಂದೆ ನೆಲಕ್ಕಿಳಿಸಿದರೂ ಅದು ಸರಿಹೋಗುವುದು ಕಷ್ಟ, ಆದ್ದರಿಂದ ಬರುವ ಜೂನಿಗೇ ನೆಟ್ಟುಬಿಡಿ. ಬೇವು, ಸಂಪಿಗೆಗಳನ್ನು ಕಂಪೌಂಡಿನೊಳಗೆ, ಗೋಡೆಯಿಂದಲೂ ನೆಲದಡಿಯ ನೀರಿನ ಟಾಂಕಿಯಿಂದಲೂ ಸಾಕಷ್ಟು ದೂರದಲ್ಲಿ ನೆಡಬಹುದು. ಹಲಸನ್ನು ಮೇ ರಜೆಗೆ ಊರಿಗೆ ಹೋಗುವವರ ಕೈಗೆ ಕೊಡಿ. ಕಂಪೌಂಡಿನಲ್ಲಿ ನೆಟ್ಟದ್ದಕ್ಕೂ 1975ರ ಕಾಯ್ದೆ ಅನ್ವಯಿಸುತ್ತದೆ, ನಾಳೆ ಪಾರ್ಕಿಂಗಿಗೆ ಜಾಗ ಬೇಕೆಂದು ಅದನ್ನು ತೆಗೆಯಲು ಬರುವುದಿಲ್ಲ ಎಂಬುದನ್ನು ಗುಂಡಿ ತೋಡುವ ಮೊದಲೇ ಸೊಸೈಟಿಯ ಸಭೆಯಲ್ಲಿ ಓದಿ ಹೇಳಿ, ನಿರ್ಣಯ ಬರೆಸಿ ಸಹಿ ಹಾಕಿಸಿಕೊಳ್ಳಿ.

ಸಂಪಾದಕ