ತುಕ್ಕು ಹಿಡಿದ ತ್ಸುಬಗೆ ವಿನೆಗರ್ ಹಾಕಲೇ, ಉಪ್ಪು ಕಾಗದ ಹಿಡಿಯಲೇ?

ಎರಡೂ ಬೇಡ. ಹೊಳೆಯುವಂತೆ ಮಾಡಬೇಕು ಅನ್ನುವ ಆಸೆಯನ್ನೇ ಮೊದಲು ಬಿಡಿ. ಹಳೆಯ ಜಪಾನಿ ಕತ್ತಿಯ ಹಿಡಿಗೂ ಅಲಗಿಗೂ ನಡುವೆ ಕೂರುವ ಈ ಕಬ್ಬಿಣದ ಬಿಲ್ಲೆಗೆ ಜನ ದುಡ್ಡು ಸುರಿಯುವುದು ಮೈಮೇಲಿನ ಕಪ್ಪನ್ನು ನೋಡಿ.

ಆ ಕಪ್ಪೂ ಒಂದು ಬಗೆಯ ತುಕ್ಕೇ. ಆದರೆ ದಟ್ಟವಾಗಿ ಕಚ್ಚಿಕೊಂಡು ಕಬ್ಬಿಣವನ್ನು ಕಾಯುತ್ತದೆ. ಕೆಂಪು ತುಕ್ಕು ಪುಡಿಪುಡಿ. ತೇವ ಹಿಡಿದಿಟ್ಟುಕೊಂಡು ಒಳಗೊಳಗೇ ತಿನ್ನುತ್ತದೆ. ವಿನೆಗರಿಗೆ ಈ ಭೇದ ಗೊತ್ತಿಲ್ಲ, ಎರಡನ್ನೂ ಕಿತ್ತು ಬೂದುಬಣ್ಣದ ಬರಿ ಲೋಹ ಉಳಿಸುತ್ತದೆ. ಉಪ್ಪು ಕಾಗದ ಇನ್ನೂ ಕೆಟ್ಟದ್ದು. ಸುತ್ತಿಗೆ ಏಟಿನ ಗುರುತು, ಅಂಚಿನಲ್ಲಿ ಉಬ್ಬಿ ನಿಂತ ಗಟ್ಟಿ ಕಬ್ಬಿಣದ ಗಂಟುಗಳು ಸವೆದೇ ಹೋಗುತ್ತವೆ. ಆ ಗಂಟುಗಳಿಗೆ ತೆಕ್ಕೊತ್ಸು ಅನ್ನುತ್ತಾರೆ. ಯಾವ ಪರಂಪರೆಯ ಕೆಲಸ ಅಂತ ಊಹಿಸುವಾಗ ಬಲ್ಲವರು ಅದನ್ನೂ ನೋಡುತ್ತಾರೆ. ಆಮೇಲೆ ಬಂದೂಕಿನ ಲೋಹವನ್ನು ಕಪ್ಪಾಗಿಸುವ ಗನ್ ಬ್ಲೂ ದ್ರಾವಣ ಬಳಿದರೆ ಒಂದೇ ಸಮನೆಯ ನೀಲಿಗಪ್ಪು ಬರುತ್ತದೆ, ಪಳಗಿದ ಕಣ್ಣಿಗೆ ಅದು ಮರೆಯಾಗುವುದಿಲ್ಲ.

ಕೈಹಾಕುವ ಮೊದಲು 10 ಪಟ್ಟಿನ ಮಸೂರದಲ್ಲಿ ಕೊರೆದ ಕಿಂಡಿಗಳ ಒಳಗೋಡೆ ನೋಡಿ. ಸಣ್ಣ ಗುಳ್ಳೆಗುಳಿ, ಮಧ್ಯದಲ್ಲಿ ಅಚ್ಚಿನ ಗೆರೆ ಕಂಡರೆ ಅದು ಎರಕದ ನಕಲು ಇರಬೇಕು. ಅದಕ್ಕೆ ಏನು ಬೇಕಾದರೂ ಮಾಡಿಕೊಳ್ಳಿ.

ಬಡಿದು ಮಾಡಿದ್ದೇ ಆದರೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆಯನ್ನು ಕೆಂಪು ಇರುವ ಕಡೆ ಮಾತ್ರ ಸವರಿ ಒಂದು ದಿನ ಬಿಡಿ. ಮೂಳೆಯ ಚೂರನ್ನು ಉಳಿಯ ಹಾಗೆ ಚೂಪು ಮಾಡಿ, ಓರೆಯಾಗಿ ಹಿಡಿದು, ಹಕ್ಕಳೆಯನ್ನಷ್ಟೇ ಎಬ್ಬಿಸಿ. ಮೂಳೆ ಪುಡಿತುಕ್ಕನ್ನು ಕೀಳುತ್ತದೆ, ಕಪ್ಪನ್ನು ಗೀರುವುದಿಲ್ಲ. ಜಪಾನಿನಲ್ಲಿ ಜಿಂಕೆ ಕೊಂಬು ಬಳಸುತ್ತಾರೆ. ನಮ್ಮಲ್ಲಿ ವನ್ಯಜೀವಿ ಕಾಯ್ದೆಯಿಂದಾಗಿ ಕಾಡುಜಿಂಕೆಯ ಕೊಂಬಿನ ವ್ಯಾಪಾರವೇ ಅಪರಾಧ. ದನದ ಮೂಳೆ, ಬಿದಿರು ಸಾಕು. ಆಮೇಲೆ ಒಣ ಹತ್ತಿಬಟ್ಟೆಯಲ್ಲಿ ದಿನಾ ಹತ್ತು ನಿಮಿಷ ಉಜ್ಜಿ. ಬಟ್ಟೆಗೆ ಕೆಂಪು ಹತ್ತುವುದು ನಿಂತ ದಿನ ನೀವೂ ನಿಲ್ಲಿಸಿ. ಚಿನ್ನ, ಬೆಳ್ಳಿಯ ಕುಂದಣವಿದ್ದರೆ ಅದರ ಸುತ್ತ ಮುಟ್ಟಲೇಬೇಡಿ, ತುಕ್ಕಿನ ಜೊತೆ ಎದ್ದು ಬರುತ್ತದೆ. ನಡುಗಂಡಿಯಲ್ಲಿ ತಾಮ್ರದ ತುಂಡು ಕಂಡರೆ ಕೊಳೆ ಅಂತ ಕೀಳಬೇಡಿ. ಬೇರೆ ಅಲಗಿಗೆ ಬಿಗಿಯಾಗಿ ಕೂರಲೆಂದು ತುರುಕಿದ್ದು ಅದು.

1876ರಲ್ಲಿ ಜಪಾನ್ ಸರ್ಕಾರ ಬಹಿರಂಗವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿದ ಮೇಲೆ ಇಂಥವು ರಾಶಿರಾಶಿ ಮಾರಾಟಕ್ಕೆ ಬಂದವು, ಹಾಗಾಗಿ ಕೊಳ್ಳಲು ಅವಸರ ಬೇಡ. ಮುಂದಿನ ಸಲ ನಾನಾದರೆ ತುಕ್ಕು ಹಿಡಿದ ಐದರ ಬದಲು ಜಪಾನಿ ಕತ್ತಿಗಳ ಸಂರಕ್ಷಣೆಯ ಎನ್‌ಬಿಟಿಎಚ್‌ಕೆ ಸಂಸ್ಥೆ, ಅಸಲಿ ಮತ್ತು ಕಾಪಾಡಲು ಯೋಗ್ಯ ಅಂತ ಕೊಡುವ ಹೋಜೋನ್ ಪತ್ರವಿರುವ ಒಂದನ್ನೇ ಕೊಳ್ಳುತ್ತೇನೆ.