ಮಹಡಿಗಿಂತ ಗೇಟು ಎಲ್ಲಿದೆ ನೋಡಿ

ಬೆಂಗಳೂರಿನ ರೆಸಿಡೆನ್ಸಿ ರಸ್ತೆ ಆಸುಪಾಸಿನಲ್ಲಿ ಬಹುಮಹಡಿ ಕಟ್ಟಡ ಬಂದ್ರೆ ನಡೆದಾಡೋರ ಗತಿಯೇನು ಅಂತ ಕೇಳಿದ್ದೀರಿ. ಮಹಡಿ ಎಣಿಸೋದು ಬಿಟ್ಟು ನೆಲಮಹಡಿಯ ನಕ್ಷೆ ನೋಡಿ. ನಡೆಯೋರಿಗೆ ಮುಖ್ಯ ಆಗೋದು ಕಟ್ಟಡದ ಕೆಳಗಿನ ಹದಿನೈದು ಅಡಿ. ರಸ್ತೆಗೆ ಮುಖ ಮಾಡಿ ಅಂಗಡಿ, ಬಾಗಿಲು, ಕಿಟಕಿ ಇದ್ರೆ ಜನ ಓಡಾಡ್ತಾರೆ. ಉದ್ದಕ್ಕೂ ಕಾಂಪೌಂಡ್ ಗೋಡೆ ಎಬ್ಬಿಸಿದ್ರೆ ಕತ್ತಲಾದ ಮೇಲೆ ಆ ಕಡೆ ಯಾರೂ ಸುಳಿಯಲ್ಲ. ಕೆನಡಾದ ವ್ಯಾಂಕೂವರ್‌ನಲ್ಲಿ ಎತ್ತರದ ಕಟ್ಟಡಗಳನ್ನ ಹಿಂದೆ ಸರಿಸಿ, ಫುಟ್‌ಪಾತ್ ಅಂಚಿಗೆ ಕೆಲವೇ ಮಹಡಿಯ ಮನೆ, ಅಂಗಡಿಗಳ ಸಾಲು ಕಟ್ಟಿಸಿದ್ದು ಇದಕ್ಕೇ.

ನನಗೆ ನಿಜವಾದ ಭಯ ಕಾರಿನ ಗೇಟಿನದು. ಟೆಂಡರ್‌ಶ್ಯೂರ್ ಅನ್ನೋ ರಸ್ತೆ ಮರುನಿರ್ಮಾಣ ಯೋಜನೆಯಲ್ಲಿ ಪೈಪು, ಕೇಬಲ್ಲುಗಳನ್ನ ನೆಲದಡಿಗೆ ಹಾಕಿ ಎಷ್ಟು ಚೆನ್ನಾಗಿ, ಅಗಲವಾಗಿ ಫುಟ್‌ಪಾತ್ ಮಾಡಿದ್ದಾರೆ! ಅದನ್ನೂ ಬೇಸ್‌ಮೆಂಟಿನ ದಾರಿ ತುಂಡು ಮಾಡುತ್ತೆ. ಕಾರು ಹೊರಗೆ ಬರುವಾಗ ಸೆಕ್ಯುರಿಟಿಯವರು ಸೀಟಿ ಊದಿ ನಿಲ್ಲಿಸೋದು ನಡೆಯೋರನ್ನ, ಕಾರನ್ನಲ್ಲ. ವಾಕರ್ ಹಿಡಿದ ಹಿರಿಯರು ಪ್ರತಿ ಗೇಟಿನಲ್ಲೂ ಇಳಿದು ಹತ್ತಬೇಕು. ಇದು ಅನ್ಯಾಯ. ಫುಟ್‌ಪಾತ್ ಒಂದೇ ಮಟ್ಟದಲ್ಲಿ ಸಾಗಬೇಕು, ಹತ್ತಿ ಇಳಿಯೋದು ಕಾರಿನ ಪಾಲಿಗಿರಲಿ.

ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಕ್ಕೆ ವಾಹನ ಸಂಚಾರ ನಿಲ್ಲಿಸಿದ್ರಲ್ಲ, ಅಲ್ಲಿಗೆ ಮೆಟ್ರೊ ಹತ್ತಿರ ಇರೋದು ದೊಡ್ಡ ಅನುಕೂಲ, ಕಾರಿಲ್ಲದೆಯೂ ಬರಬಹುದು. ಹಾಗಾಗಿ ಕಟ್ಟಡದ ಬಗ್ಗೆ ನೀವು ಸಲ್ಲಿಸೋ ಆಕ್ಷೇಪಣೆಯಲ್ಲಿ ಪಾರ್ಕಿಂಗ್ ಕಡಿಮೆ ಮಾಡಿ, ಗೇಟನ್ನ ಪಕ್ಕದ ಕ್ರಾಸಿಗೆ ಹಾಕಿ ಅಂತ ಮೊದಲೇ ಬರೆಯಿರಿ.