ರಕ್ತದಲ್ಲೇ ಬಯಾಪ್ಸಿ ಸಾಧ್ಯವೇ?

ಪ್ರಶ್ನೆ: ಶ್ವಾಸಕೋಶದ ಕ್ಯಾನ್ಸರ್ ಇರುವ ನಮ್ಮ ತಂದೆಯವರು ಇಜಿಎಫ್‌ಆರ್ ಜೀನ್‌ನಲ್ಲಿ ಬದಲಾವಣೆ ಇದ್ದುದರಿಂದ ಒಂದು ವರ್ಷ ಜೆಫಿಟಿನಿಬ್ ಗುಳಿಗೆ ತೆಗೆದುಕೊಂಡರು. ಈಗ ಗಡ್ಡೆ ಮತ್ತೆ ಬೆಳೆದಿದೆ. ಎದೆಗೆ ಇನ್ನೊಮ್ಮೆ ಸೂಜಿ ಹಾಕಿಸಿಕೊಳ್ಳಲು ಅವರು ಒಪ್ಪುತ್ತಿಲ್ಲ. ಹುಬ್ಬಳ್ಳಿಯ ವೈದ್ಯರು ಸೂಚಿಸಿದ ಲಿಕ್ವಿಡ್ ಬಯಾಪ್ಸಿ (ಗಡ್ಡೆಯ ಚೂರಿನ ಬದಲು ರಕ್ತವನ್ನೇ ಪರೀಕ್ಷಿಸುವುದು) ಸಾಕಾಗುತ್ತದೆಯೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಮೊದಲು ಅದನ್ನೇ ಮಾಡಿಸಿ. ಸಾಯುವ ಕ್ಯಾನ್ಸರ್ ಕೋಶಗಳಿಂದ ಡಿಎನ್‌ಎ ಚೂರುಗಳು ರಕ್ತಕ್ಕೆ ಸೇರುತ್ತವೆ. ಇವು ಕೆಲವೇ ಗಂಟೆಗಳಲ್ಲಿ ಕರಗಿಹೋಗುವುದರಿಂದ, ಅವುಗಳಲ್ಲಿ ಕಾಣುವ ಬದಲಾವಣೆ ವರ್ಷದ ಹಿಂದಿನ ಗಡ್ಡೆಯದಲ್ಲ, ಇಂದಿನ ಗಡ್ಡೆಯದು. ಜೆಫಿಟಿನಿಬ್ ಕೆಲಸ ನಿಲ್ಲಿಸಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಟಿ790ಎಂ ಎಂಬ ಹೊಸ ಬದಲಾವಣೆ ಕಾಣಿಸಿಕೊಂಡಿರುತ್ತದೆ; ಅದು ರಕ್ತದಲ್ಲಿ ಸಿಕ್ಕರೆ ಓಸಿಮರ್ಟಿನಿಬ್ ಎಂಬ ಗುಳಿಗೆಗೆ ದಾರಿಯಾಗುತ್ತದೆ, ಸೂಜಿಯ ಮಾತು ಅಲ್ಲಿಗೇ ಮುಗಿಯುತ್ತದೆ. ಇಜಿಎಫ್‌ಆರ್ ಬದಲಾವಣೆಗಳನ್ನು ರಕ್ತದಲ್ಲಿ ಹುಡುಕುವ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲೇ ಒಪ್ಪಿಗೆ ನೀಡಿದೆ.

ಆದರೆ ವರದಿಯಲ್ಲಿ ‘ನೆಗೆಟಿವ್’ ಎಂದು ಬಂದರೆ ಬದಲಾವಣೆ ಇಲ್ಲವೆಂದು ತಿಳಿಯಬೇಡಿ. ಗಡ್ಡೆಯಿಂದ ರಕ್ತಕ್ಕೆ ಸಾಕಷ್ಟು ಡಿಎನ್‌ಎ ಇಳಿಯದೆಯೂ ಹಾಗಾಗುತ್ತದೆ. ಆಗ ತಂದೆಯವರನ್ನು ಸೂಜಿಗೆ ಒಪ್ಪಿಸಲೇಬೇಕು. ಕೆಲವೊಮ್ಮೆ ಗಡ್ಡೆಯು ಸ್ಮಾಲ್ ಸೆಲ್ ಎಂಬ ಬೇರೆ ಬಗೆಯ ಕ್ಯಾನ್ಸರ್‌ಗೆ ತಿರುಗಿರುತ್ತದೆ, ಅದನ್ನು ಖಚಿತಪಡಿಸಲು ಅಂಗಾಂಶವೇ ಬೇಕು.

ಇನ್ನೊಂದು ಮಾತು, ಚಿಕ್ಕದಾಗಿ ಕಂಡರೂ ಕೇಳಿಕೊಳ್ಳಿ: ನೇರಳೆ ಮುಚ್ಚಳದ ಸಾಮಾನ್ಯ ಕೊಳವೆಯಲ್ಲಿ ರಕ್ತ ತೆಗೆದರೆ ಕೆಲವೇ ಗಂಟೆಗಳಲ್ಲಿ ಪ್ಲಾಸ್ಮಾ (ರಕ್ತದ ದ್ರವಭಾಗ) ಬೇರ್ಪಡಿಸಬೇಕು, ತಡವಾದರೆ ಬಿಳಿ ರಕ್ತಕಣಗಳು ಒಡೆದು ಅವುಗಳ ಡಿಎನ್‌ಎಯೇ ತುಂಬಿಕೊಳ್ಳುತ್ತದೆ. ಮಾದರಿಯು ಬೆಂಗಳೂರಿಗೆ ಹೋಗುವುದಾದರೆ ಕೋಶಗಳನ್ನು ಕಾಪಾಡುವ ವಿಶೇಷ ಕೊಳವೆಯನ್ನೇ ಬಳಸಲು ಹೇಳಿ.